ಮೂಡಣದ ಕರೆಂಟು

ನನ್ನ ಕೆಲಸ ಲಾರಿ ಬಾಡಿಗೆಗೆ ಕೊಡುವುದು,
ಮನೆ ಸಾಗಿಸುವವರು ತಾವೇ ಓಡಿಸಿಕೊಂಡು ಹೋಗುವ ಲಾರಿ.
ಕ್ಯಾಲಿಫೋರ್ನಿಯಾದಿಂದ ಇಲ್ಲಿಗೆ ಮೂರು ಸಾವಿರದ ಎಂಟುನೂರು ಡಾಲರು,
ಇಲ್ಲಿಂದ ಅಲ್ಲಿಗೆ ಒಂಬೈನೂರು.
ಬರುವವರೇ ಎಲ್ಲ, ಹೋಗುವವರಿಲ್ಲ;
ಅಂಗಳದ ತುಂಬ ಖಾಲಿ ಲಾರಿಗಳು
ಕರೆಯದೆ ಬಂದ ಬೀಗರ ಹಾಗೆ ನಿಂತಿವೆ.

ಯಾಕೆ ಬಂದಿರಿ ಎಂದು ನಾನು ಕೇಳುವುದಿಲ್ಲ,
ಫಾರಮ್ಮಿನಲ್ಲಿ ಆ ಕಾಲಮ್ಮಿಲ್ಲ.
ಕೀಲಿ ಒಪ್ಪಿಸುತ್ತ ಅವರೇ ಹೇಳುತ್ತಾರೆ:
ಅಲ್ಲಿ ಮನೆ ಕಟ್ಟುವ ಪರವಾನಗಿಗೆ ಮೂರು ವರ್ಷ,
ಇಲ್ಲಿ ಸಂಬಳದಲ್ಲಿ ರಾಜ್ಯಕ್ಕೆ ಪಾಲಿಲ್ಲವಂತೆ,
ಅಲ್ಲಿ ಗಾಳಿ ಜೋರಾದರೆ ಕಂಪನಿಯವರೇ ಕರೆಂಟು ತೆಗೆಯುತ್ತಾರೆ,
ತಂತಿಯ ಕಿಡಿಗೆ ಬೆಟ್ಟ ಹೊತ್ತೀತೆಂದು.
ಹಸ್ಮಿಕ್ ತೊರೋಸ್ಯಾನ್ ಬಂದದ್ದೂ ಹಾಗೆ:
ಇಬ್ಬರು ಮಕ್ಕಳು, ಒಂದು ಹೊಲಿಗೆ ಯಂತ್ರ,
ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ.
"ಇಲ್ಲಿ ಕರೆಂಟು ಹೋಗುತ್ತದಾ?"
"ಇದು ಟೆಕ್ಸಸ್ಸು," ಎಂದೆ.
ಅದು ಹೌದೋ ಅಲ್ಲವೋ ನನಗೂ ಗೊತ್ತಿರಲಿಲ್ಲ.

ಆಕೆ ಹಿಡಿದ ಮನೆ ಪೈನ್ ಮರಗಳ ರಸ್ತೆಯ ಪಡುವಣ ಮಗ್ಗುಲಿಗೆ.
ಎದುರು ಮಗ್ಗುಲಲ್ಲಿ ವೆಂಡೆಲ್ ಟೇಟಮ್,
ನಲವತ್ತು ವರ್ಷ ಕಂಬ ಹತ್ತಿಳಿದ ಲೈನ್‌ಮನ್,
ಈಗ ಮೊಣಕಾಲು ಮೆಟ್ಟಿಲನ್ನೂ ಒಪ್ಪುವುದಿಲ್ಲ.
ಅವನೇ ಒಮ್ಮೆ ತೋರಿಸಿದ್ದ: ನೋಡು,
ಆ ಕಂಬ ಒಂದು ಜಾಲದ ಕೊನೆ,
ಈ ಕಂಬ ಇನ್ನೊಂದರ ಮೊದಲು,
ನಡುವೆ ಮೂವತ್ತಡಿ ಡಾಂಬರು.
ಈ ಕಡೆಯದು ರಾಜ್ಯದ ಗಡಿ ದಾಟಿ ಬಂದ ತಂತಿ.
ಅದನ್ನು ಆ ತಂತಿ ಮುಟ್ಟಿದರೆ
ವಾಷಿಂಗ್ಟನ್ನಿನವರು ಲೆಕ್ಕ ಕೇಳಲು ಬರುತ್ತಾರೆ.
ಅವರು ಬರಬಾರದೆಂದು, ನಾನು ಹುಟ್ಟುವ ಮೊದಲೇ
ದೊಡ್ಡವರು ಕೂತು ತೀರ್ಮಾನಿಸಿದ್ದು.
ಅಷ್ಟು ಮಡಿ ನಿಮ್ಮ ಕಡೆ ಕರೆಂಟಿಗೆ.

ಫೆಬ್ರವರಿಯ ಆ ರಾತ್ರಿ
ಕೊಳಾಯಿಯೊಳಗೆ ನೀರು ಕಲ್ಲಾಯಿತು,
ಅನಿಲದ ಬಾವಿಗಳ ಬಾಯಿ ಕಟ್ಟಿತು.
ಯಂತ್ರಗಳಿಗೆ ಹೊದಿಕೆ ಹಾಕಿರೆಂದು ಹತ್ತು ವರ್ಷದ ಹಿಂದೆಯೇ
ವರದಿ ಬರೆದಿದ್ದರಂತೆ;
ಕಡ್ಡಾಯ ಎಂಬ ಮಾತೊಂದು ಅದರಲ್ಲಿರಲಿಲ್ಲ.
ಪಡುವಣ ಮಗ್ಗುಲು ಪೂರಾ ಕತ್ತಲು.
ಎದುರಿಗೆ ವೆಂಡೆಲ್‌ನ ವರಾಂಡ,
ಕ್ರಿಸ್‌ಮಸ್ಸಿನಿಂದ ತೆಗೆಯದೆ ಬಿಟ್ಟ ಪ್ಲಾಸ್ಟಿಕ್ ಜಿಂಕೆ
ಒಳಗಿಂದ ಹೊಳೆಯುತ್ತ
ಹಿಮದಲ್ಲಿ.

ಹಸ್ಮಿಕ್ ಬಾಗಿಲು ತಟ್ಟಿದಳಂತೆ.
ಮಕ್ಕಳನ್ನು ಒಳಗೆ ದಾಟಿಸಿ ತಾನು ಹೊಸ್ತಿಲಲ್ಲೇ ನಿಂತು
"ಇವತ್ತಿಗೆ ಹದಿನೇಳನೆಯ ದಿನ," ಎಂದಳಂತೆ.
ಯಾವುದಕ್ಕೆಂದು ಅವನಿಗೆ ತಿಳಿಯಲು ಹೊತ್ತು ಹಿಡಿಯಿತು.
ಇಪ್ಪತ್ನಾಲ್ಕು ಮೊಟ್ಟೆ. ಅಲುಗಿಸುವಂತಿಲ್ಲ.

ಕಿತ್ತಳೆ ಬಣ್ಣದ ವೈರು, ನೂರಡಿ,
ಸಾಲದೆ ಅದಕ್ಕೆ ಇನ್ನೊಂದು ಗಂಟು ಹಾಕಿ
ಮುದುಕ ಕೋಲೂರಿಕೊಂಡು ಎಳೆದ, ಹಿಮದ ಮೇಲೆ,
ಈ ರಸ್ತೆಯಲ್ಲಿ ಯಾವ ಕಂಪನಿಯೂ ದಾಟಿಸದ್ದನ್ನು
ಕೋಳಿಮೊಟ್ಟೆಗಾಗಿ ದಾಟಿಸಿದ.
ಕಾನೂನು ಬಲ್ಲವರು ಅದಕ್ಕೇನೆನ್ನುತ್ತಾರೋ.
ಬೆಳಗ್ಗೆ ಶೆರಿಫನ ಜೀಪು ವೈರಿನ ಮುಂದೆ ನಿಂತಿತು,
ನೋಡಿತು,
ಮೆಲ್ಲಗೆ ಮೇಲೆ ಹಾಯಿತು.

ಹತ್ತೊಂಬತ್ತು ಒಡೆದವು. ಐದು ಒಡೆಯಲಿಲ್ಲ.
ಆ ಐದನ್ನು ಹಸ್ಮಿಕ್ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು,
ಏನೂ ಹೇಳಲಿಲ್ಲ.

ರಾಜಧಾನಿಯಲ್ಲಿ ಸಭೆ ಸೇರಿದರು, ಕೆಲವರು ರಾಜೀನಾಮೆ ಕೊಟ್ಟರು.
ನನ್ನ ದರಪಟ್ಟಿಯಲ್ಲಿ ಇಲ್ಲಿಂದ ಹೋಗುವ ಲಾರಿ
ಹನ್ನೊಂದು ಡಾಲರು ಏರಿತು. ಅಷ್ಟೇ.

ಏಪ್ರಿಲ್ಲಿನಲ್ಲಿ ಹಸ್ಮಿಕ್ ಅಂಗಡಿಗೆ ಬಂದಾಗ
ಒಂಬೈನೂರ ಹನ್ನೊಂದು ಎನ್ನಲು ನನ್ನ ಬಾಯಿ ತಯಾರಿತ್ತು.
"ಅಷ್ಟು ದೂರ ಅಲ್ಲ," ಎಂದಳು.
ವೆಂಡೆಲ್‌ನ ಪಕ್ಕದ ಮನೆ ಖಾಲಿಯಂತೆ,
ಬಾಡಿಗೆ ತಿಂಗಳಿಗೆ ನೂರೈವತ್ತು ಹೆಚ್ಚು.
ಜಾಹೀರಾತಿನಲ್ಲೇ ಬರೆದಿದ್ದರು:
ಎರಡು ಕೋಣೆ, ಬಾವಿ, ಮೂಡಣದ ಕರೆಂಟು.

ಸಂಜೆ ಲಾರಿ ವಾಪಸು ಬಂತು.
ಹಿಂದೆ ಒಂದಿಷ್ಟು ಹುಲ್ಲು, ಹಳದಿ ಪುಕ್ಕ.
ಜೀವಂತ ಪ್ರಾಣಿ ಸಾಗಿಸಕೂಡದೆಂದು ನಮ್ಮಲ್ಲೂ ಒಂದು ನಿಯಮವಿದೆ;
ಗುಡಿಸಿಬಿಟ್ಟೆ.
ಮೀಟರು ನೋಡಿದೆ: ಹೋಗಲು ನಾಲ್ಕು ಮೈಲಿ, ಬರಲು ನಾಲ್ಕು,
ನಡುವೆ ಮನೆ ಬದಲಾದದ್ದು ಅದರ ಲೆಕ್ಕಕ್ಕೆ ಬಂದಿಲ್ಲ.
ಎಲ್ಲಿಂದ, ಎಲ್ಲಿಗೆ: ಎರಡೂ ಕಡೆ ಒಂದೇ ರಸ್ತೆಯ ಹೆಸರು.
ಕಂಪ್ಯೂಟರು ಒಪ್ಪಲಿಲ್ಲ.
ಕೈಯಲ್ಲೇ ಬರೆದೆ.