ಪಾಸ್‌ಪೋರ್ಟ್ ಸೈಜ್

“ಗದ್ದ ಸ್ವಲ್ಪ ಮೇಲೆ” ಅಂದುಬಿಟ್ಟೆ,
ಇಪ್ಪತ್ತಾರು ವರ್ಷದ ಬಾಯಿಚಟ.
ಎದುರಿಗಿದ್ದವನು ಒಂದೂವರೆ ಇಂಚಿನ ಆಸಾಮಿ,
ಗದ್ದವೆಂದರೆ ಅವನಿಗೆ ಕುಂಚದ ತುದಿ ಬಿಟ್ಟ ಒಂದು ಚುಕ್ಕೆ.
ತಸ್ನೀಮ್ ನಗಲಿಲ್ಲ.
ಬುಡಕ್ಕೆ ಬೆಂಕಿಕಡ್ಡಿಯ ಚೂರು ಸಿಕ್ಕಿಸಿ
ಅವನನ್ನು ತುಸು ಹಿಂದಕ್ಕೆ ವಾಲಿಸಿ ಕೇಳಿದಳು:
“ಈಗ?”

ಪೆನ್ಷನ್ ಮೊಹಲ್ಲಾದ ಹಲ್ಲಿನ ಲ್ಯಾಬಿನಲ್ಲಿ ಅವಳ ಕೆಲಸ.
ಹಾಸನದ ಎಷ್ಟೋ ನಗು ಅವಳು ತಿಕ್ಕಿ ಹೊಳಪಿಟ್ಟದ್ದು.
ರಾತ್ರಿ, ಮಿಕ್ಕ ಮೇಣ, ಮಿಕ್ಕ ಹಲ್ಲಚ್ಚಿನ ಗಾರೆ;
ಅದರಲ್ಲೇ ಎದ್ದು ನಿಂತಿತ್ತು ಒಂದು ಬ್ಯಾಂಡ್ ಸೆಟ್ಟು:
ಕೆಂಪು ಕೋಟು, ಹೆಗಲಿಗೆ ಜರಿಯ ಕುಚ್ಚು,
ಡೋಲು, ತುತ್ತೂರಿ, ತಾಳ,
ಮುಂದೆ, ಎಲ್ಲರಿಗಿಂತ ಕುಳ್ಳ, ಕ್ಲಾರಿಯೊನೆಟ್ಟಿನವನು.
ಮಿಠಾಯಿ ಡಬ್ಬಕ್ಕೆ ಹತ್ತಿ ಹಾಸಿ ಮಲಗಿಸಿ ತಂದಿದ್ದಳು
ಸಾಲಗಾಮೆ ರಸ್ತೆಯ ನನ್ನ ಸ್ಟುಡಿಯೋಗೆ,
ಆಟೋದಲ್ಲಿ, ತೊಡೆಯ ಮೇಲಿಟ್ಟುಕೊಂಡು.

ಟ್ಯೂಬ್‌ಲೈಟಿಗೆ ಕೋಟು ಇಟ್ಟಿಗೆಯಾಯಿತು.
ವೈಟ್ ಬ್ಯಾಲೆನ್ಸ್ ತಿರುಗಿಸಿದೆ, ಕುಂಕುಮವಾಯಿತು. ಮತ್ತೆ ತಿರುಗಿಸಿದೆ.
ಕಿಟಕಿಗೆ ಬಟರ್ ಪೇಪರ್,
ಬೆನ್ನ ಹಿಂದೆ ಅದೇ ನೀಲಿ ಪರದೆಯ ಒಂದು ತುಂಡು.
ಮೂಗು ಹಿಡಿದರೆ ಕಿವಿ ಮಂಜು,
ವಾದ್ಯದ ತುದಿ ಹಿಡಿದರೆ ಮುಖವೇ ಇಲ್ಲ.
ಇಷ್ಟು ಹತ್ತಿರದಿಂದ ಒಬ್ಬನನ್ನು ಇಡಿಯಾಗಿ ನೋಡಬೇಕಾದರೆ
ಲೆನ್ಸೂ ಕಣ್ಣು ಕಿರಿದು ಮಾಡಿಕೊಳ್ಳಬೇಕು:
ಎಫ್ ಇಪ್ಪತ್ತೆರಡು, ಎರಡು ಸೆಕೆಂಡು.
ಆ ಎರಡು ಸೆಕೆಂಡಿನಲ್ಲಿ ಹೊರಗೊಂದು ಜಲ್ಲಿ ಲಾರಿ ಹೋದರೆ
ಟೇಬಲ್ಲಿಗೆ ಚಳಿ, ಬ್ಯಾಂಡಿಗೆಲ್ಲ ಜೋಡಿ ಮುಖ.
ಕಾದೆವು. ಲಾರಿ. ಶಾಲೆಯ ವ್ಯಾನು. ಮತ್ತೆ ಲಾರಿ.

ಟೋಪಿಯ ಅಂಚಿನ ಕೆಳಗಿನ ಕತ್ತಲು ಮಾತ್ರ ಹೋಗಲಿಲ್ಲ.
ಅವಳು ಚೀಲದಿಂದ ತೆಗೆದಳು
ಬಾಯೊಳಗೆ ಇಳಿಸಿ ದವಡೆ ನೋಡುವ ಪುಟ್ಟ ಕನ್ನಡಿ,
ಕಿಟಕಿಯ ಬೆಳಕನ್ನು ಅದರಲ್ಲಿ ಮೊಗೆದು
ಅವನ ಹುಬ್ಬಿನಡಿ ಸುರಿದಳು.
ಬಂತು ಮುಖ.

ಯಾರದೋ ಫೋನು ಬಂದು ಅವಳು ಹೊರಗೆ ಹೋದಾಗ
ಕಂಪ್ಯೂಟರಿಗೆ ಹಾಕಿದೆ.
ಕಡಲೆಕಾಳಿನಷ್ಟಿದ್ದ ತಲೆ ತಟ್ಟೆಯಷ್ಟಾಯಿತು.
ಕೆನ್ನೆಯ ಬಣ್ಣದಲ್ಲಿ ಕುಂಚದ ಕೂದಲೊಂದು ಹೂತಿದೆ, ಹಳೇ ಗಾಯದ ಹಾಗೆ.
ಎರಡನೇ ಗುಂಡಿಯ ಮೇಲೆ ಬೆರಳಚ್ಚಿನ ಗೆರೆ.
ಬಲಗಣ್ಣಿಗೆ ಪಾಪೆಯಿದೆ, ಎಡಗಣ್ಣು ಬರೀ ಚರ್ಮದ ಬಣ್ಣ.
ಪಾಪ, ಮರೆತಿದ್ದಾಳೆ.
ಮೊಡವೆ, ಮಚ್ಚೆ, ಮಾಲುಗಣ್ಣು ಎಷ್ಟು ಜನರದು ಅಳಿಸಿಲ್ಲ ನಾನು,
ಧಾರೆಯ ಹೊತ್ತಿಗೆ ಕಣ್ಣು ಮುಚ್ಚಿದ ಎಷ್ಟು ಮದುಮಗಂದಿರಿಗೆ
ಬೇರೆ ಫೋಟೋದಿಂದ ಕಣ್ಣು ತಂದು ಇಟ್ಟಿಲ್ಲ!
ಕೂದಲು ತೆಗೆದೆ, ಗುಂಡಿ ಒರೆಸಿದೆ,
ಬಲಗಣ್ಣು ನಕಲು ಮಾಡಿ, ಮಗುಚಿ, ಎಡಕ್ಕೆ ಕೂರಿಸಿದೆ.
ಚಂದ ಕೂತಿತು.

ಬಂದವಳು ನೋಡಿದಳು. ನೋಡುತ್ತಲೇ ಇದ್ದಳು.
“ಇದು ಯಾರು?”

ಆಮೇಲೆ, ಪರದೆಗೇ ಹೇಳುವಂತೆ:
“ಮೇಲಿನ ಸ್ವರಕ್ಕೆ ಹತ್ತುವಾಗ ಅಬ್ಬಾ ಎಡಗಣ್ಣು ಮುಚ್ಚೋರು.
ಮೆರವಣಿಗೆಯ ಮಕ್ಕಳು, ನಮಗೇ ಕಣ್ಣು ಹೊಡೆದರು ಅಂತ
ಬಿದ್ದು ಬಿದ್ದು ನಗೋವು.
ನಾನೂ ಹಾಗೇ ಅಂದುಕೊಂಡಿದ್ದೆ,
ತುಂಬಾ ದಿನ.”

ಮಾಡಿದ್ದನ್ನೆಲ್ಲ ಒಂದೊಂದೇ ಹೆಜ್ಜೆ ಹಿಂದಕ್ಕೆ ಒತ್ತಿದೆ.
ಕಣ್ಣು ಮುಚ್ಚಿತು. ಗುಂಡಿಗೆ ಬೆರಳು ಮರಳಿತು. ಕೆನ್ನೆಗೆ ಕೂದಲು.
“ಕೂದಲು ಬೇಕಾದರೆ ತೆಗೀರಿ” ಅಂದಳು.

ಯಾವ ಸೈಜು ಅಂದೆ. ಗೋಡೆಯ ದರಪಟ್ಟಿ ಪೂರ್ತಿ ಓದಿ
“ಪಾಸ್‌ಪೋರ್ಟ್” ಅಂದಳು.
ಎಂಟು ಬರುತ್ತೆ, ಅಂದೆ.
ಬರಲಿ.

ಕತ್ತರಿಸಿದ ಮೊದಲನೆಯದನ್ನು ಅವನ ಪಕ್ಕ ಹಿಡಿದಳು:
ಹೆಗಲಿಗೆ ಹೆಗಲು, ಟೋಪಿಗೆ ಟೋಪಿ ಸಮ.
ಡೋಲಿನವನನ್ನು, ತಾಳದವನನ್ನು ಹತ್ತಿಗೆ ಮಲಗಿಸಿ
ಅವನನ್ನು ಕೊನೆಗೆ ಮಲಗಿಸಿದಳು.
ಏಳು ಒಯ್ದಳು. ಒಂದು ನಿಮಗಿರಲಿ ಅಂತ ಬಿಟ್ಟಳು.

ಕೌಂಟರಿನ ಗಾಜಿನ ಕೆಳಗಿದೆ,
ಚಿಲ್ಲರೆ ಎಣಿಸುವ ಜಾಗದಲ್ಲಿ.
ಜಲ್ಲಿ ಲಾರಿ ಹೋದಾಗೆಲ್ಲ
ಗಾಜು ಸಣ್ಣಗೆ ಗುಂಯ್‌ಗುಡುತ್ತದೆ.