ಕಡೀ ಶಬ್ದ

ಅತ್ತಿಗುಪ್ಪೆ ಮೆಟ್ರೋ ದಾಟಿ ಎರಡನೇ ತಿರುವು.
ಒಂದು ಬದಿಗೆ ಒಂದೂವರೆ, ಎರಡು ಬದಿಗೆ ಎರಡು ರೂಪಾಯಿ.
ಅಂಗಡಿ ಜಬೀವುಲ್ಲಾ ಸಾಹೇಬರದು, ಮಷೀನು ಯಾರೋ ಬಿಟ್ಟದ್ದು,
ಅದರ ಬಿಸಿ ಮಾತ್ರ ನನ್ನದು,
ಮೊಣಕಾಲ ಹತ್ತಿರ, ದಿನವಿಡೀ.

ಆ ವರ್ಷ ಎಫ್‌ಡಿಎ ಕರೆದಿದ್ದರು.
ಇಡೀ ವಿಜಯನಗರ ಒಂದೇ ನೋಟ್ಸ್ ಹಿಡಿದು ಬಂತು:
ಇನ್ನೂರ ಹನ್ನೆರಡು ಈಡಿಯಮ್ಸು, ಯಾರದೋ ದುಂಡು ಅಕ್ಷರ.
ಪುಟ ಕೊಂಚ ಅಗಲ, ನನ್ನ ಗಾಜು ಕೊಂಚ ಕಿರಿದು.
ಸಾಲಿನ ಕೊನೆಯ ಮಾತು ಕಪ್ಪು ಪಟ್ಟಿಗೆ ಬಿದ್ದು
ಪ್ರತಿಯೊಂದು ಪ್ರತಿಯಲ್ಲೂ ಕಾಣೆ.
ನಾನು ನೋಡಲಿಲ್ಲ. ನಾನು ಪುಟ ಎಣಿಸುವವಳು.

ನೋಡಿದವಳು ಭೀಮಬಾಯಿ, ಸಿಂದಗಿ ಕಡೆಯವಳು.
"ಅಕ್ಕಾರ, ನಿಮ್ಮ ಮಷೀನು ಕಡೀ ಶಬ್ದ ನುಂಗೈತ್ರಿ.
ಕಿಕ್ ದಿ... ಮುಂದೇನ್ರಿ? ಏನು ಒದೀಬೇಕು ನಾವು?"
"ಬಾಗಿಲು" ಅಂದೆ.
"ಗಂಡನ್ನ" ಅಂದಳು ಆಧಾರ್ ಕಾರ್ಡ್ ಹಿಡಿದು ನಿಂತಿದ್ದ ಹೆಂಗಸು.
ಫೋನಿನಲ್ಲಿ ಹುಡುಕಿದರೆ ಬಕೆಟ್. ಅರ್ಥ: ಸಾಯುವುದು.
ಭೀಮಬಾಯಿ ನಕ್ಕು ನಕ್ಕು ಕೌಂಟರಿಗೆ ಒರಗಿದಳು:
"ನಮ್ಮ ಪೀಜಿಯಾಗ ನಸುಕಿನ್ಯಾಗ ಪಾಳಿಗಿಟ್ಟ ಬಕೆಟ್ ಒದ್ರ
ಖರೇನ ಹೆಣ ಬೀಳ್ತದರಿ, ಹದಿನಾಕ ಮಂದಿಗೆ ಒಂದ ನಳ."
ಸಾಹೇಬರು ಪೇಪರ್ ಕಟ್ಟು ಬಿಚ್ಚುತ್ತ ಅಂದರು:
"ಅವರು ಬಕೆಟ್ ಒದ್ದು ಸಾಯ್ತಾರೆ,
ನಮ್ಮವರು ಬಕೆಟ್ ಹಿಡಿದು ಬದುಕ್ತಾರೆ.
ಎರಡೂ ಬರ್ಕೊಳ್ಳಮ್ಮ."

ಅಂದಿನಿಂದ ರಾತ್ರಿ ಎಂಟಕ್ಕೆ, ಕೋಚಿಂಗ್ ಬಿಟ್ಟ ಮೇಲೆ,
ಷಟರ್ ಅರ್ಧ ಎಳೆದು ಇಬ್ಬರೂ ಬಾಲ ಜೋಡಿಸಲು ಕೂರುತ್ತಿದ್ದೆವು.
ಸ್ಪಿಲ್ ದಿ... ಬೀನ್ಸು. ಗುಟ್ಟು ರಟ್ಟಾಗುವುದು.
ಕೇಜಿಗೆ ಎಂಬತ್ತರ ಹುರುಳಿಕಾಯಿ ಯಾರು ಚೆಲ್ಲುತ್ತಾರೆ?
ಬರ್ನ್ ದಿ ಮಿಡ್‌ನೈಟ್... ಎಣ್ಣೆ.
ಹತ್ತೂವರೆಗೇ ಪೀಜಿ ಆಂಟಿ ಮೇನ್ ಸ್ವಿಚ್ ಆರಿಸುತ್ತಾಳೆ.
ಒನ್ಸ್ ಇನ್ ಎ ಬ್ಲೂ...
ಇಲ್ಲಿ ಅವಳು ತುಂಬ ಹೊತ್ತು ಸುಮ್ಮನಿದ್ದಳು.
ನೀಲಿ ಯಾವುದು? ಪೆನ್ನು. ಬಸ್ಸು. ಹೆಬ್ಬೆರಳು.
ಚಂದ್ರ ಅಂತ ಗೊತ್ತಾದ ಮೇಲೂ
ಹೆಬ್ಬೆರಳೇ ಸರಿ ಅಂದಳು.
"ನಮ್ಮವ್ವ ತಿಂಗಳಿಗೊಮ್ಮೆ ರೇಷನ್ ಅಂಗಡ್ಯಾಗ
ಆ ಬಣ್ಣ ಹಚ್ಕೊಂಡು ಬರ್ತಿದ್ಲರಿ."

ಒಂದು ಮಾತು ಮಾತ್ರ ಬಗೆಹರಿಯಲಿಲ್ಲ.
ಗಿವ್ ಎ... ಹ್ಯಾಂಡ್. ಅವರಲ್ಲಿ ಕೈ ಕೊಟ್ಟರೆ ನೆರವು.
ನಮ್ಮಲ್ಲಿ?
ಚೀಟಿ ನಡೆಸಿದ ನನ್ನ ಭಾವ ಕೈಕೊಟ್ಟ.
ಮಷೀನು ಕೈಕೊಡುತ್ತದೆ, ತಿಂಗಳಿಗೆ ಎರಡು ಸಲ.
"ಪರೀಕ್ಷಾದಾಗ ಬಂದ್ರ ಯಾವ ಕೈ ಹಿಡೀಲಿ ಅಕ್ಕಾರ?"
ನನಗೆ ಪಿಯುಸಿಯಲ್ಲಿ ಒಂದು ಸಬ್ಜೆಕ್ಟು ಬಾಕಿ.
ಯಾವುದು ಅಂತ ಅವಳಿಗೆ ಹೇಳಿರಲಿಲ್ಲ.

ಪರೀಕ್ಷೆಯ ಮರುದಿನ ಬರಲಿಲ್ಲ. ಅದರ ಮರುದಿನವೂ.
ಪೀಜಿಯಲ್ಲಿ ಅವಳ ಮಂಚಕ್ಕೆ ಹಾವೇರಿಯ ಹುಡುಗಿ ಬಂದಿದ್ದಳು.
ನಂಬರಿಗೆ ಹಚ್ಚಿದರೆ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗೆ.
ಕೈಕೊಟ್ಟಳು, ಅಂದುಕೊಂಡೆ.
ಕನ್ನಡದಲ್ಲೇ ಅಂದುಕೊಂಡೆ.

ಜನ ಮರೆತು ಹೋದ ಒರಿಜಿನಲ್‌ಗಳಿಗೆಂದು ಒಂದು ಶೂ ಡಬ್ಬಿ ಇದೆ:
ಜಾತಿ ಸರ್ಟಿಫಿಕೇಟು, ಬಾಡಿಗೆ ಕರಾರು, ಯಾರದೋ ಎಕ್ಸ್‌ರೇ ರಿಪೋರ್ಟು.
ದೀಪಾವಳಿಗೆ ಗುಡಿಸುವಾಗ ಅದರಲ್ಲಿ ಸಿಕ್ಕಿದವು
ಬೆರಳಗಲದ ಎಂಟು ಉದ್ದ ಚೀಟಿ, ರಬ್ಬರ್ ಬ್ಯಾಂಡ್ ಹಾಕಿ.
ಬರೀ ಬಾಲಗಳು, ಮೇಲಿಂದ ಕೆಳಗೆ, ಅವಳ ಅಕ್ಷರ.
ಮೊದಲನೆಯದರ ಬೆನ್ನಿಗೆ:
"ಕಪ್ಪ ಪಟ್ಟಿ ಮ್ಯಾಲ ಅಂಟಿಸಿ ತಗೀರಿ. ಹಿಂದಿಂದ ಬರೋರಿಗೆ."

ಮೈದಾ ಅಂಟು ಕಾಯಿಸಿ ಅಂಟಿಸಿದೆ. ಅಳತೆ ಸರಿಯಾಗಿ ಕೂತಿತು.
ಈಗ ಪಟ್ಟೇಗಾರಪಾಳ್ಯದಿಂದಲೂ ಕೇಳಿಕೊಂಡು ಬರುತ್ತಾರೆ,
ಇಲ್ಲಿ ಪೂರ್ತಿ ನೋಟ್ಸ್ ಸಿಗುತ್ತಂತಲ್ಲ ಅಂತ.

ನಲವತ್ತೇಳನೆಯದು ತಪ್ಪಿದೆ.
ಎಲ್ಲ ಇಂಗ್ಲಿಷಿನ ನಡುವೆ ಅದೊಂದು ಕನ್ನಡದಲ್ಲಿ, ಹೆಬ್ಬೆರಳು.
ಚಂದ್ರ ಅಂತ ಬಾಯಲ್ಲಿ ಹೇಳಿ ಕಳಿಸುತ್ತೇನೆ.
ತಿದ್ದಿಲ್ಲ.