ನಡುವೆ ನಿಂತದ್ದು

ಬೆಳಿಗ್ಗೆಯಿಂದ ಇದೇ ಆಟ.
ಲ್ಯಾಪ್‌ಟಾಪಿಗೆ ಮಂಡಿಯ ವೈಫೈ ಹೆಸರು ಗೊತ್ತು,
ಪಾಸ್‌ವರ್ಡ್ ಗೊತ್ತು, ಕರೆದರೆ ಓಗೊಡುತ್ತದೆ;
ಹಲಗೆಯ ಮೇಲೆ ಲಾರಿ ಹತ್ತಿದ ಗಳಿಗೆಗೆ
ಕೈ ಬಿಡುತ್ತದೆ.

ಹಾಸನದ ಮಾರುಕಟ್ಟೆ ಯಾರ್ಡು, ಭಾದ್ರಪದ,
ಆಲೂಗಡ್ಡೆ ಬರುವ ಕಾಲ.
ವೇಬ್ರಿಡ್ಜಿನ ಈಚೆ ನನ್ನ ಇಟ್ಟಿಗೆ ಗೂಡು, ಒಂದೇ ಕಿಟಕಿ.
ಆಚೆ ಮಂಡಿ ಆಫೀಸಿನ ಮೇಜಿನ ಮೇಲೆ
ಹಸಿರು ಕಣ್ಣು ಮಿಟುಕಿಸುವ ರೌಟರು.
ನಿಯಮ ಏನೆಂದರೆ
ಲಾರಿ ಹಲಗೆಯ ಮೇಲಿರುವಾಗಲೇ ಅಂಕಿ ಹೋಗಬೇಕು.
ಇಳಿದ ಮೇಲೆ ಕಳಿಸಿದ್ದು ತೂಕವಲ್ಲ, ನೆನಪು.

ಗ್ಲಾಡ್ಸನ್‌ಗೆ ಫೋನು ಮಾಡಿದೆ.
ಸಾಲಗಾಮೆ ರಸ್ತೆಯ ಅಂಗಡಿಯಲ್ಲಿ ಕೂತೇ ಮದ್ದು ಹೇಳಿದ:
"ಫರ್ಗೆಟ್ ಅಂತ ಒಂದು ಬಟನ್ ಇದೆ, ಒತ್ತಿ.
ಆಮೇಲೆ ಹೊಸದಾಗಿ ಪರಿಚಯ ಮಾಡಿಸಿ."
ಒತ್ತಿದೆ. ಇಷ್ಟು ಸಲೀಸಾಗಿ ಮರೆಯಬಹುದೆಂದು
ಯಾರೂ ನನಗೆ ಹೇಳಿರಲಿಲ್ಲ.
ಮತ್ತೆ ಪರಿಚಯವಾಯಿತು, ನಾಲ್ಕೂ ಗೆರೆ ತುಂಬಿ ನಗುನಗುತ್ತ.
ಲಾರಿ ಹತ್ತಿತು. ಮುಖ ತಿರುಗಿಸಿತು.

ರೌಟರಿನ ವೈರು ಕಿತ್ತು ಮೂವತ್ತು ಎಣಿಸಿದೆ.
ಚಾನೆಲ್ಲನ್ನು ಆರರಿಂದ ಹನ್ನೊಂದಕ್ಕೆ ದಾಟಿಸಿದೆ.
ಡ್ರೈವರ್ ಅಳಿಸಿ ಡ್ರೈವರ್ ಹಾಕಿದೆ;
ಹೊರಗೆ ನಿಜವಾದ ಡ್ರೈವರುಗಳು
ಹಾರನ್ನಿನ ಮೇಲೆ ಮೊಣಕೈ ಊರಿ ಮಲಗಿದ್ದರು.
ಶಾಂತಿಗ್ರಾಮದ ಪುಟ್ಟಸಿದ್ದಮ್ಮ ಮೂಟೆಯ ಮೇಲಿಂದಲೇ ಕೇಳಿದಳು:
"ಏನವ್ವಾ, ನಿನ್ ಮಿಷಿನ್ಗೆ ನಮ್ ಗೆಡ್ಡೆ ಕಂಡ್ರೆ ಆಗಕ್ಕಿಲ್ವಾ?"
ನಕ್ಕೆ.
ನಗಬಾರದಿತ್ತು.

ನಡುವೆ ಒಂದು ಗಾಡಿ, ಮರದ ಬಾಡಿಯದು,
ಬರೀ ಖಾಲಿ ಗೋಣಿಚೀಲ, ಗುಡ್ಡದಷ್ಟು.
ಅಂಕಿ ಹೋಯಿತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ.
ಸರಿಹೋಯಿತೆಂದು ಎಲ್ಲರಿಗೂ ಟೀ ಹೇಳಿದೆ.
ಮುಂದಿನದು ಒಂಬತ್ತು ಟನ್ ಆಲೂ.
ಪರದೆಯ ಮೇಲೆ ಅದೇ ಸುತ್ತುವ ಚಕ್ರ,
ಟೀ ಮೇಲೆ ಕೆನೆ.

ಕಂಡುಹಿಡಿದದ್ದು ನಾನಲ್ಲ, ಗ್ಲಾಡ್ಸನ್ನೂ ಅಲ್ಲ.
ಕ್ಲೀನರ್ ಸೈಫುಲ್ಲಾ, ಗಾಲಿಗೆ ಕಲ್ಲು ಕೊಟ್ಟು
ಕುಕ್ಕರುಗಾಲಲ್ಲಿ ಬೀಡಿ ಸೇದುತ್ತಿದ್ದವನು:
"ಮೇಡಂ, ಗೋಣಿ ದಾರಿ ಬಿಡ್ತದೆ. ಗೆಡ್ಡೆ ಬಿಡಾಕಿಲ್ಲ."

ಫೋನಿನಾಚೆ ಗ್ಲಾಡ್ಸನ್ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಆಲೂಗಡ್ಡೆ ಅಂದ್ರೆ ಮುಕ್ಕಾಲು ಪಾಲು ನೀರು.
ನೀರು ಅಲೆ ಕುಡಿಯುತ್ತೆ.
ಛೆ, ನನಗೆ ಹೊಳೀಬೇಕಿತ್ತು."

ಹಾಗಾದರೆ ಲ್ಯಾಪ್‌ಟಾಪು ಕೂಗುತ್ತಲೇ ಇತ್ತು, ಪಾಪ.
ಮೂರು ತಿಂಗಳು ಮಣ್ಣೊಳಗೆ ಕೂತು
ಬಂದ ಮಳೆಯನ್ನೆಲ್ಲ ಹೀರಿದ ಗೆಡ್ಡೆಗಳು
ಅದೇ ದಾಹದಲ್ಲಿ
ನಾನು ಕಳಿಸಿದ ಅಂಕಿಗಳನ್ನೂ ಹೀರಿದ್ದವು,
ತಮ್ಮ ತೂಕವನ್ನು ತಾವೇ.

ಮಂಡಿಯ ವೆಂಟಿಲೇಟರಿನಿಂದ ವೈರು ಎಳೆದು
ಸೈಫುಲ್ಲಾ ದೀಪದ ಕಂಬ ಹತ್ತಿದ.
ರೌಟರಿಗೆ ಅಕ್ಕಿಚೀಲದ ಪ್ಲಾಸ್ಟಿಕ್ಕಿನ ಕೊಪ್ಪೆ,
ಗೋಣಿದಾರದ ಮೂರು ಸುತ್ತು,
ಯಾವ ಲೋಡಿಗೂ ಎಟುಕದ ಎತ್ತರ.
ಕೆಳಗಿನಿಂದ ಹತ್ತು ಬಾಯಿ, ಹತ್ತು ಸಲಹೆ:
ಎಡಕ್ಕೆ, ಇನ್ನೂ ಎಡಕ್ಕೆ, ಸಾಕು ಸಾಕು, ಇಳಿ.

ಕತ್ತಲಾಗುವ ಮುನ್ನ ಹದಿನೇಳು ಲಾರಿ.
ಪುಟ್ಟಸಿದ್ದಮ್ಮ ಚೀಟಿಯನ್ನು ಎರಡೆರಡು ಸಲ ಓದಿ
ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.
"ರಾಜಿ ಆಯ್ತಾ?" ಅಂದಳು. ಆಯ್ತು ಅಂದೆ.

ಕಿಟಕಿ ಮುಚ್ಚಲು ಎದ್ದೆ.
ನಾಲ್ಕು ಗೆರೆಯಲ್ಲಿ ಒಂದು ಆರಿತು.
ಪಕ್ಕಕ್ಕೆ ಸರಿದೆ. ಹತ್ತಿಕೊಂಡಿತು.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಮತ್ತೊಮ್ಮೆ ಅಡ್ಡ ನಿಂತೆ,
ಸುಮ್ಮನೆ.